ಹನ್ನೊಂದನೆಯ ಕಲ್ಲು

ವಾಡಿಯ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತನಾಗಿ ಸೇರಿದಾಗ ನಾನು ಕಲಿತ ಮೊದಲ ಪಾಠ, ಇಳಿದ ಸಾಮಾನಿಗೆ ಗುರುತು ಇರಲೇಬೇಕು ಎಂಬುದು. ಗುರುತಿಲ್ಲದ ಚೀಲವನ್ನು ಕೇಳಿಕೊಂಡು ನಾಲ್ಕು ಜನ ಬರುತ್ತಾರೆ, ನಾಲ್ಕೂ ಜನ ತಮ್ಮದೇ ಎನ್ನುತ್ತಾರೆ. ಈ ಪಾಠವನ್ನು ನೌಕರಿ ಮುಗಿಯುವ ತನಕ ಹೊಸಬರಿಗೆ ಹೇಳಿಕೊಟ್ಟವನು ನಾನು. ಅಂಥ ನಾನೇ ನಿವೃತ್ತನಾದ ಮೇಲೆ ಹದಿನಾಲ್ಕು ಹೆಣ್ಣುಮಕ್ಕಳಿಗೆ ಗುರುತು ಹಾಕಬೇಡಿ ಎಂದು ಹೇಳಿದೆ. ನನ್ನ ಮೇಲೆಯೇ ಬಂದ ಆ ಸಿಟ್ಟು ಇನ್ನೂ ಇಳಿದಿಲ್ಲ.

ಶಹಾಬಾದಿನಲ್ಲಿ ನನ್ನ ಅಳಿಯನದು, ಅಕ್ಕನ ಮಗನದು, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಕಾರ್ಖಾನೆ ಇದೆ. ಎಣಿಸುವುದಕ್ಕೆ ನಂಬಿಕೆಯ ಮನುಷ್ಯ ಬೇಕೆಂದು ಅವನು ಕರೆದ. ಮನೆಯಲ್ಲಿ ಸುಮ್ಮನೆ ಕೂರುವುದು ನನಗೂ ಒಗ್ಗುತ್ತಿರಲಿಲ್ಲ. ಬೆಳಗಿನ ಪ್ಯಾಸೆಂಜರ್ ಗಾಡಿಗೆ ವಾಡಿಯಿಂದ ಹೊರಡುತ್ತೇನೆ. ಸಂಜೆ ಐದರ ಎಣಿಕೆ ಮುಗಿಸಿ, ರಿಜಿಸ್ಟರಿಗೆ ಬೀಗ ಹಾಕಿ, ಮರಳುವ ಗಾಡಿ ಹಿಡಿಯುತ್ತೇನೆ.

ಖಣಿಯಿಂದ ಬಂದ ಕಲ್ಲನ್ನು ಮಿಷನ್ನು ಎರಡಡಿ ಚೌಕಕ್ಕೆ ಕೊಯ್ಯುತ್ತದೆ. ಆ ನುಣುಪು ಅಂಚನ್ನು ಹೆಣ್ಣುಮಕ್ಕಳು ತಗಡಿನ ಶೆಡ್ಡಿನಲ್ಲಿ ಕೂತು ಉಳಿ, ಸುತ್ತಿಗೆಯಿಂದ ಚಕ್ಕೆ ಎಬ್ಬಿಸಿ ಮತ್ತೆ ಒರಟು ಮಾಡುತ್ತಾರೆ. ಅಮೆರಿಕದ ಅಂಗಡಿಯವರಿಗೆ ಕೈಯಿಂದ ಒಡೆದಂತೆ ಕಾಣುವ ಕಲ್ಲೇ ಬೇಕು, ಮನೆಯ ಹಿಂದಿನ ಅಂಗಳಕ್ಕೆ ಹಾಸಲು. ಶೆಡ್ಡಿನಲ್ಲಿ ಎಲ್ಲರಿಗಿಂತ ಹಿರಿಯಳಾದ ಭಂಕೂರದ ಹೆಂಗಸು ಒಮ್ಮೆ ಕೇಳಿದ್ದಳು: "ಬಾಬುಸಾಬ್, ಆ ಮಂದಿಗಿ ನುಣ್ಣಗ ಇದ್ದದ್ದು ಸೇರಂಗಿಲ್ಲೇನ್ರಿ? ಮಿಷನ್ ಬಂದ್ ಮಾಡ್ರಿ ಅತ್ಲಾಗ, ಮೊದಲಿಂದನೇ ನಮ್ಮ ಕೈಗಿ ಕೊಡ್ರಿ."

ಕೂಲಿ ಕಲ್ಲಿನ ಲೆಕ್ಕದಲ್ಲಿ. ಅದಕ್ಕಾಗಿ ಪ್ರತಿಯೊಬ್ಬಳೂ ತಾನು ಮುಗಿಸಿದ ಕಲ್ಲಿನ ಹಿಂದೆ ಸೀಮೆಸುಣ್ಣದಿಂದ ತನ್ನ ಗುರುತು ಹಾಕುತ್ತಾಳೆ. ಒಬ್ಬಳದು ಮೂರು ಚುಕ್ಕಿ, ಒಬ್ಬಳದು ಕಾಗೆಯ ಕಾಲು, ಭಂಕೂರದವಳದು ಅರ್ಧಚಂದ್ರ. ಸಂಜೆ ನಾನು ಗುರುತು ನೋಡಿ ಬರೆದುಕೊಂಡು, ಒದ್ದೆ ಬಟ್ಟೆಯಿಂದ ಒರೆಸುತ್ತೇನೆ. ಗಿರಾಕಿಗೆ ಹೋಗುವ ಕಲ್ಲಿನ ಮೇಲೆ ಏನೂ ಉಳಿಯಕೂಡದು.

ಹೋದ ವರ್ಷ ಮಳೆಗಾಲದಲ್ಲಿ ಅಮೆರಿಕದವರು ನಮ್ಮ ದೇಶದ ಸಾಮಾನಿನ ಮೇಲೆ ಸುಂಕ ಏರಿಸಿದರು. ನಮ್ಮ ಕಲ್ಲನ್ನು ಅಲ್ಲಿಗೆ ಕಳಿಸುವವರು ಸೇಡಂ ಕಡೆಯಿಂದ ಹೋಗಿ ಹೈದರಾಬಾದಿನಲ್ಲಿ ನೆಲೆಸಿದ ಒಬ್ಬ ವ್ಯಾಪಾರಿ. ದರ ಇಳಿಸದಿದ್ದರೆ ಮುಂದಿನ ಕಂಟೇನರ್ ಬೇಡ ಎಂದು ಅವರು ಫೋನಿನಲ್ಲಿ ಹೇಳಿದರು. ಅಳಿಯ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ.

"ಕೂಲಿ ಇಳಸಿದ್ರ ನಾಳಿಗೇ ಇವ್ರು ಮಳಖೇಡ, ಕೋಡ್ಲಾ ಅಂತ ಸಿಮೆಂಟ್ ಫ್ಯಾಕ್ಟರಿ ಗುತ್ತೇದಾರ್ ಹಿಂದ ಹೋಗ್ತಾರ ಮಾಮಾ," ಎಂದ. "ಇಳಸಲಿಲ್ಲಂದ್ರ ನಾನೇ ಹೋಗಬೇಕಾಗ್ತದ."

ಉಪಾಯ ಹೇಳಿದವನು ನಾನು. ಕೂಲಿ ಮುಟ್ಟುವುದು ಬೇಡ, ಹತ್ತು ಕಲ್ಲಿಗೆ ಒಂದು ಕಲ್ಲನ್ನು ಹೆಣ್ಣುಮಕ್ಕಳು ಬಿಟ್ಟಿ ಮಾಡಿಕೊಡಲಿ, ಸುಂಕ ಹೋದ ದಿನ ಅದರ ಕೂಲಿ ತಿರುಗಿ ಕೊಡೋಣ ಎಂದೆ. ಮರುದಿನ ಊಟದ ಹೊತ್ತಿಗೆ ಶೆಡ್ಡಿಗೆ ಹೋಗಿ ಹೆಣ್ಣುಮಕ್ಕಳಿಗೂ ಅದೇ ಮಾತು ಕೊಟ್ಟೆ. ಅವರು ಒಪ್ಪಿದ್ದು ಅಳಿಯನ ಮುಖ ನೋಡಿ ಅಲ್ಲ, ನನ್ನ ಎಣಿಕೆ ನೋಡಿ. ಅಲ್ಲಿಯವರೆಗೆ ಒಂದು ಕಲ್ಲೂ ಹೆಚ್ಚುಕಡಿಮೆ ಆಗಿರಲಿಲ್ಲ.

ಆಮೇಲೆ ನಾನು ಒಂದು ನಿಯಮ ಸೇರಿಸಿದೆ. ಹನ್ನೊಂದನೆಯ ಕಲ್ಲಿಗೆ ಗುರುತು ಹಾಕಬಾರದು, ಹಾಕಿದರೆ ಕೂಲಿಯ ಎಣಿಕೆಯೊಂದಿಗೆ ಕಲಸಿಹೋಗುತ್ತದೆ.

"ಗುರುತೇ ಇಲ್ಲಂದ್ರ ನಮ್ಮ ಕಲ್ಲು ಅಂತ ಹೆಂಗ ತಿಳೀತದ್ರಿ?" ಎಂದು ಭಂಕೂರದವಳು ಕೇಳಿದಳು.

"ಹತ್ತು ಬರದಿದ್ದು ಇರ್ತದಲ್ಲ ಯವ್ವಾ. ಹತ್ತರ ಹಿಂದ ಒಂದು ಅದ ಅಂತ ತಾನೇ ತಿಳೀತದ."

"ನಿಮಗ ತಿಳೀತದ," ಎಂದಳು. "ಕಲ್ಲಿಗಿ ತಿಳೀಬೇಕಲ್ರಿ."

ಎಲ್ಲರೂ ನಕ್ಕರು, ನಾನೂ ನಕ್ಕೆ. ನಗುವ ಬದಲು ಅವತ್ತೇ ರಿಜಿಸ್ಟರಿನಲ್ಲಿ ಆ ಕಲ್ಲಿಗೆಂದು ಇನ್ನೊಂದು ಗೆರೆ ಎಳೆದಿದ್ದರೆ ಮುಗಿಯುತ್ತಿತ್ತು. ಆದರೆ ಕೂಲಿ ಇಲ್ಲದ ಕಲ್ಲಿಗೆ ನನ್ನ ಪುಸ್ತಕದಲ್ಲಿ ಜಾಗ ಇರಲಿಲ್ಲ. ಪುಸ್ತಕ ಚೊಕ್ಕಟವಾಗಿರಬೇಕೆಂಬುದು ನನ್ನ ಹಟವಾಗಿತ್ತು.

ಬೇಸಿಗೆಗೆ ಮುಂಚೆ ಸುದ್ದಿ ಬಂತು. ಆ ಸುಂಕ ಹಾಕಿದ್ದೇ ಕಾನೂನಿಗೆ ವಿರುದ್ಧ ಎಂದು ಅಮೆರಿಕದ ಕೋರ್ಟು ಹೇಳಿತು. ಕಟ್ಟಿದ ಹಣ ತಿರುಗಿ ಕೊಡಿ ಎಂದು ಅಲ್ಲಿನ ಅಂಗಡಿಗಳು ಒಂದರ ಹಿಂದೊಂದು ದಾವೆ ಹೂಡುತ್ತಿವೆ ಎಂದೂ ಕೇಳಿದೆವು. ನನಗಿಂತ ಮೊದಲು ಇದು ಭಂಕೂರದವಳಿಗೆ ಮೊಮ್ಮಗಳ ಮೊಬೈಲಿನಿಂದ ಗೊತ್ತಾಗಿತ್ತು.

"ಬಾಬುಸಾಬ್, ಸುಂಕ ಹೋಯ್ತಂತ. ರೊಕ್ಕ ವಾಪಸ್ ಕೊಡ್ಲಿಕತ್ತಾರಂತ," ಎಂದಳು. "ನಾವು ಇನ್ನಾ ಹನ್ನೊಂದನೇದು ಮಾಡ್ಲಿಕತ್ತೀವಲ್ರಿ. ಇದು ಯಾವ ಸುಂಕಕ್ಕ?"

ಆ ಕಲ್ಲು ನಿಲ್ಲಿಸಿ ಎಂದು ಯಾರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ನೇರವಾಗಿ ಅಳಿಯನ ಕೋಣೆಗೆ ಹೋಗಿ ಹೈದರಾಬಾದಿಗೆ ಫೋನು ಹಚ್ಚಿಸಿದೆ. ಅವನು ಸ್ಪೀಕರ್ ಹಾಕಿದ.

"ಸುಂಕ ಕಟ್ಟಿದವ್ರ್ಯಾರು? ಅಲ್ಲಿನ ಅಂಗಡಿಯವ್ರು," ಎಂದರು ವ್ಯಾಪಾರಿ. "ಕೋರ್ಟಿಗಿ ಹೋದವ್ರ್ಯಾರು? ಅವ್ರೇ. ಬಂದ್ರ ಅವ್ರ ಕೈಗೇ ಬರ್ತದ."

"ಅದರ ಸಲುವಾಗಿ ನಮ್ಮ ದರ ಇಳಸಿದ್ರಲ್ರಿ," ಎಂದ ಅಳಿಯ.

"ಅವ್ರು ನನಗ ಇಳಸಿದ್ರು, ನಾ ನಿಮಗ ಇಳಸಿದೆ. ಬಿಲ್ಲಿನ್ಯಾಗ ಏನದ ನೋಡ್ರಿ. ರಿಯಾಯಿತಿ ಅಂತದ. ಸುಂಕದ ಸಲುವಾಗಿ ಅಂತ ನಾ ಬರೀಲಿಲ್ಲ, ನೀವೂ ಬರೀಲಿಲ್ಲ. ಅಲ್ಲಿ ಗಿರಾಕಿಗೋಳೇ ತಿರಗಿ ಬಿದ್ದಾರಂತ. ದರ ಏರಸಿ ನಮ್ಮ ಕಡಿಂದ ವಸೂಲ್ ಮಾಡೀರಿ, ಅದು ನಮ್ಮ ರೊಕ್ಕ ಅಂತ. ಅವ್ರಿಗೇ ಸಿಗವಲ್ದು, ನಿಮಗೆಲ್ಲಿ?"

ನಾನು ನಡುವೆ ಬಾಯಿ ಹಾಕಿದೆ. "ಅಂದ್ರ ಅಂಗಡಿಯವ್ರು ಗಿರಾಕಿ ಕಡಿಂದನೂ ತಗೊಂಡ್ರು, ನಮ್ಮ ಕಡಿಂದನೂ ತಗೊಂಡ್ರು. ಈಗ ಸರಕಾರದ ಕಡಿಂದನೂ ತಗೋತಾರ."

"ಬರೋಬರಿ ಹೇಳಿದ್ರಿ ಕಾಕಾ," ಎಂದು ಅವರು ನಕ್ಕರು. "ಅದಕ್ಕೇ ಅವ್ರು ಅಂಗಡಿ ನಡಸ್ತಾರ, ನಾವು ಕಲ್ಲು ಕಳಸ್ತೀವಿ."

ಫೋನು ಇಟ್ಟ ಮೇಲೆ ಅಳಿಯ ನನ್ನ ಕಡೆ ನೋಡಿ, "ಕೇಳಿದ್ರಲ್ಲ ಮಾಮಾ. ನಮ್ಮ ಕೈಯಾಗ ಏನದ?" ಎಂದ.

"ನಿನ್ನ ಕೈಯಾಗ ಹನ್ನೊಂದನೇ ಕಲ್ಲು ಅದ. ಅದು ಅಮೆರಿಕಾದಿಂದ ಬರಬೇಕಾಗಿಲ್ಲ."

"ಆ ಒಂದು ಕಲ್ಲಿನಿಂದ ದರದ ಪೆಟ್ಟು ಪೂರಾ ತಪ್ಪಿತೇನು? ಅರ್ಧಾಕಿಂತ ಹೆಚ್ಚು ನಂದೇ ಹೋಗ್ಯದ. ನನಗ್ಯಾರು ವಾಪಸ್ ಕೊಡ್ತಾರ, ಅದು ಹೇಳ್ರಿ."

ಅವನು ಸುಳ್ಳು ಹೇಳಲಿಲ್ಲ. ನನ್ನನ್ನು ಹೆಚ್ಚು ಕೆರಳಿಸಿದ್ದು ಅದೇ. ಅಲ್ಲಿನ ಗಿರಾಕಿ, ಅಂಗಡಿಯವನು, ವ್ಯಾಪಾರಿ, ನನ್ನ ಅಳಿಯ, ಎಲ್ಲರೂ ಏನಾದರೊಂದು ಕಳೆದುಕೊಂಡವರೇ. ಎಲ್ಲರೂ ತಮಗೆ ಬರಬೇಕಾದದ್ದಕ್ಕೆ ಮೇಲೆ ನೋಡುತ್ತಾರೆ. ತಾವು ಕೊಡಬೇಕಾದದ್ದಕ್ಕೆ ಕೆಳಗೆ ನೋಡುವವನು ಒಬ್ಬನೂ ಇಲ್ಲ. ಚಿತ್ತಾಪುರದ ಕೋರ್ಟಿನಲ್ಲಿ ನನಗೆ ಪರಿಚಯದ ವಕೀಲರೊಬ್ಬರಿದ್ದಾರೆ. ಅವರನ್ನು ಕೇಳಿಬರಲು ಒಂದು ರಜೆಯ ದಿನ ಕಳೆದೆ. ಅವರು ಪೂರ್ತಿ ಕೇಳಿಸಿಕೊಂಡು, "ಕಾಗದ ಅದ ಏನ್ರಿ?" ಎಂದರು, ಅಷ್ಟೇ.

ಅಳಿಯನ ಹತ್ತಿರ ಮತ್ತೆ ಹೋದೆ. ಬಿಟ್ಟಿ ಕಲ್ಲು ನಾಳೆಯಿಂದ ಬಂದ್ ಎಂದು ಒಪ್ಪಿದ. ಹಿಂದಿನದನ್ನು ಕೇಳಿದಾಗ, "ಲೆಕ್ಕ ತೋರಸ್ರಿ, ನೋಡೋಣು. ನಿಮ್ಮ ಬುಕ್ಕಿನ್ಯಾಗ ಒಂದಾರ ಅದ ಏನು?" ಎಂದ.

ಲೆಕ್ಕ ಸುಲಭ ಎಂದುಕೊಂಡೆ. ರಿಜಿಸ್ಟರಿನ ಪ್ರತಿ ಹತ್ತಕ್ಕೆ ಒಂದು ಸೇರಿಸಿದರಾಯಿತು. ಎರಡು ಮಧ್ಯಾಹ್ನ ಕೂತು ಪ್ರತಿಯೊಬ್ಬಳ ಹೆಸರಿನ ಮುಂದೆ ಅಂಕಿ ಬರೆದು, ಶೆಡ್ಡಿಗೆ ಹೋಗಿ ಓದಿದೆ. ನಡುವೆಯೇ ಭಂಕೂರದವಳು ಕೈ ಎತ್ತಿದಳು.

"ನಿಂದರ್ರಿ ಬಾಬುಸಾಬ್. ಹಂಗಿಲ್ಲದು. ಚಿಂಚೋಳಿ ಕಡಿ ಹುಡುಗಿ ಬಸರಿದ್ದಾಗ ಆಕಿ ಹನ್ನೊಂದನೇದು ಆಕಿ ಮಾಡೇ ಇಲ್ಲ. ನಾವು ಪಾಳಿ ಹಚ್ಚಿ ಮಾಡೀವಿ. ಈ ಮೂರು ಚುಕ್ಕಿಯಾಕಿ ಕೈಗಿ ಪೆಟ್ಟಾದಾಗ ನಾನೇ ಮಾಡೀನಿ. ನಿಮ್ಮ ಲೆಕ್ಕದಾಗ ಕುಂತವ್ರಿಗಿ ಸಿಕ್ತದ, ದುಡದವ್ರಿಗಿ ಸಿಗಂಗಿಲ್ಲ."

"ಮತ್ತ ಯಾರು ಎಷ್ಟು ಮಾಡೀರಿ ಅಂತ ಹೆಂಗ ಹೇಳೋದು?"

ಆಕೆ ಎದ್ದು ನನ್ನನ್ನು ಕುಡಿಯುವ ನೀರಿನ ಡ್ರಮ್ಮಿನ ಹಿಂದಿನ ಗೋಡೆಗೆ ಕರೆದುಕೊಂಡು ಹೋದಳು. ಗೋಡೆ ಬೆಳ್ಳಗಿತ್ತು.

"ಇಲ್ಲಿ ಇತ್ರಿ," ಎಂದಳು.

ನನಗೆ ನೆನಪಾಯಿತು. ದೀಪಾವಳಿಗೆ ಮುಂಚೆ ಆ ಗೋಡೆಯ ತುಂಬ ಗೀಟುಗಳಿದ್ದವು. ಕಾಗೆಯ ಕಾಲು, ಚುಕ್ಕಿ, ಅರ್ಧಚಂದ್ರ, ಒಂದೊಂದರ ಕೆಳಗೆ ಸಾಲು ಸಾಲು ಗೀಟು. ಕಲ್ಲಿನ ಮೇಲೆ ಬೇಡ ಎಂದದ್ದನ್ನು ಅವರು ಗೋಡೆಗೆ ಹಾಕಿಕೊಂಡಿದ್ದರು. ಹೊತ್ತು ಹೋಗದೆ ಗೀಚಿದ್ದಾರೆ ಎಂದು ತಿಳಿದು ನಾನೇ ಮುಂದೆ ನಿಂತು ಸುಣ್ಣ ಹೊಡೆಸಿದ್ದೆ. ಎರಡು ಕೈ ಹೊಡೆಸಿದ್ದೆ, ಒಂದು ಕೈಗೆ ಗೀಟು ಮುಚ್ಚಲಿಲ್ಲವೆಂದು.

"ಆವಾಗ ಯಾಕ ಹೇಳಲಿಲ್ಲ ಯವ್ವಾ?"

"ನೀವು ಸುಣ್ಣದ ಬಕೆಟ್ ಮುಂದ ನಿಂತಾಗ ಹೇಳೋರ್ಯಾರ್ರಿ? ಮತ್ತ ಗೀಚಿದ್ರ ಮತ್ತ ಹಚ್ಚಿಸ್ತೀರಂತ ಬಿಟ್ಟೀವಿ."

ಅವತ್ತು ಸಂಜೆ ಎಣಿಕೆಯಲ್ಲಿ ಎರಡು ಸಲ ತಪ್ಪಿದೆ. ಗಾಡಿಯಲ್ಲಿ ಕೂತಾಗಲೂ ಕಣ್ಣ ಮುಂದೆ ಆ ಬಿಳಿ ಗೋಡೆಯೇ ಇತ್ತು.

ಮರುದಿನ ಕೆಂಪು ಸೀಮೆಸುಣ್ಣದ ಒಂದು ಪೆಟ್ಟಿಗೆ ಒಯ್ದು ಭಂಕೂರದವಳ ಕೈಗೆ ಕೊಟ್ಟೆ. ನೆನಪಿದ್ದಷ್ಟು ಬರೆಯಿರಿ, ನೀವು ನೀವೇ ಒಪ್ಪಿದ್ದನ್ನು ನಾನು ರಿಜಿಸ್ಟರಿಗೆ ಇಳಿಸಿಕೊಳ್ಳುತ್ತೇನೆ ಎಂದೆ. ಊಟದ ಹೊತ್ತು ಗೋಡೆಯ ಮುಂದೆ ಜಗಳವೇ ಆಯಿತು. ಒಬ್ಬಳು ಗೀಟು ಎಳೆದರೆ ಇನ್ನೊಬ್ಬಳು, "ಆ ವಾರ ನೀ ನಿನ್ನ ತವರೂರಾಗಿದ್ದಿ, ಅಲ್ಲಿಂದ ಕಲ್ಲು ಹೊಡದಿ ಏನು?" ಎನ್ನುತ್ತಿದ್ದಳು. ಎಳೆದದ್ದನ್ನು ಸೆರಗಿನಿಂದ ಅಳಿಸಿಕೊಂಡವರೂ ಇದ್ದರು. ಚಿಂಚೋಳಿ ಕಡೆಯ ಹುಡುಗಿ ಕೂಸನ್ನು ಕಂಕುಳಲ್ಲಿಟ್ಟುಕೊಂಡು ತನ್ನ ಹೆಸರಿಗಿದ್ದ ಒಂದು ಸಾಲನ್ನು ತಾನೇ ಅಳಿಸಿ, ಅರ್ಧಚಂದ್ರದ ಕೆಳಗೆ ಎಳೆದಳು. ನಾಲ್ಕು ದಿನದಲ್ಲಿ ಗೋಡೆ ತುಂಬಿತು.

ಅಮೆರಿಕದ ಅಂಗಡಿಗೆ ಹಣ ಬಂತೋ ಇಲ್ಲವೋ ನಮಗೆ ಯಾರೂ ಹೇಳಿಲ್ಲ. ಗೋಡೆಯ ಲೆಕ್ಕವನ್ನು ಬರೆದು ಅಳಿಯನ ಮುಂದಿಟ್ಟೆ. ಓದಿದ, ಒಪ್ಪಲಿಲ್ಲ, ಸುಳ್ಳು ಎಂದೂ ಹೇಳಲಿಲ್ಲ. "ಹೈದರಾಬಾದಿನವ್ರು ಮೊದಲಿನ ದರ ಕೊಡ್ಲಿ" ಎನ್ನುತ್ತಾನೆ. ನಾನು ವಾರಕ್ಕೊಮ್ಮೆ, ಸೋಮವಾರ ಹತ್ತು ಗಂಟೆಗೆ, ಆ ಹಾಳೆಯನ್ನು ಅವನ ಮೇಜಿನ ಮೇಲೆ ಮತ್ತೆ ಇಡುತ್ತೇನೆ.

ಹೋದ ವಾರ ಅವನು ನೀರು ಕುಡಿಯಲು ಡ್ರಮ್ಮಿನ ಹತ್ತಿರ ಹೋಗಿದ್ದ. ಗ್ಲಾಸು ಹಿಡಿದು ಸ್ವಲ್ಪ ಹೊತ್ತು ಗೋಡೆ ನೋಡಿದ.

"ಮಾಮಾ, ಕಲ್ಲು ನೋಡ್ಲಾಕ ಮಂದಿ ಬರೋರಿದ್ದಾರ. ಇದಕ್ಕೊಂದು ಕೈ ಸುಣ್ಣ ಹಚ್ಚಿಸ್ರಿ."

"ಸುಣ್ಣದ ಬ್ರಷ್ ನಾ ಮನಿಗಿ ಒಯ್ದೀನಿ," ಎಂದೆ. "ಕಲ್ಲು ವಾಪಸ್ ಕೊಟ್ಟ ದಿನ ತರ್ತೀನಿ."

ಅವನು ಗ್ಲಾಸನ್ನು ಡ್ರಮ್ಮಿನ ಮೇಲೆ ಬೋರಲು ಹಾಕಿ ಕೋಣೆಗೆ ಹೋದ. ಐದಾಗಲು ಹತ್ತು ನಿಮಿಷವಿತ್ತು. ನಾನು ರಿಜಿಸ್ಟರು ತೆಗೆದುಕೊಂಡು ಎಣಿಕೆಗೆ ಎದ್ದೆ.