ದಬ್ಬೋಣ್ವಾ?

ಲಾಂಡ್ರಿಯಲ್ಲಿ ಎಲ್ಲರೂ ಅವನನ್ನು ಹಬೆಯಣ್ಣ ಎನ್ನುತ್ತಿದ್ದರು. ಆಸ್ಪತ್ರೆಗಳ, ವಸತಿಗೃಹಗಳ ಬೆಡ್‌ಶೀಟುಗಳನ್ನು ಬಿಸಿ ರೋಲರಿಗೆ ಕೊಟ್ಟು, ಆ ಕಡೆಯಿಂದ ಬಂದದ್ದನ್ನು ಮಡಿಸುವುದು ಅವನ ಕೆಲಸ. ಮುಂಗೈ ತುಂಬ ಸುಟ್ಟ ಗೆರೆಗಳು. ಹಬೆಯಲ್ಲಿ ಇದ್ದೂ ಇದ್ದೂ ಮನುಷ್ಯನೂ ಹಾಗೇ ಆಗಿದ್ದ, ಮುಟ್ಟಿದರೆ ಬುಸ್ ಎನ್ನುತ್ತಿದ್ದ. ಕೋಪ ಮೂಗಿನ ತುದಿಯಲ್ಲೇ. ಕ್ಷಮೆ ಕೇಳುವಾಗ ಮಾತ್ರ ನಾಲಿಗೆಗೆ ಬೀಗ.

ಈ ರೋಗ ಅವನೊಬ್ಬನದಲ್ಲ, ಮನೆತನದ್ದೇ. ಅವನಿಗೂ ತಂಗಿ ಪುಟ್ಟಿಗೂ ಚಿಕ್ಕಂದಿನಿಂದ ಹಾವು ಮುಂಗುಸಿ. ಆದರೆ ಜಗಳ ಮುಗಿಸಲು ಅವರಿಗೊಂದು ದಾರಿಯಿತ್ತು. ‘ಕಲ್ಲುಕೋಟೆ’ ಎಂಬ ವಿಡಿಯೊ ಗೇಮಿನಲ್ಲಿ ಪ್ರತಿ ಕೋಟೆಯ ಕೊನೆಗೂ ಒಂದು ದೊಡ್ಡ ಬಾಗಿಲು. ಇಬ್ಬರೂ ಒಂದೇ ಕ್ಷಣಕ್ಕೆ ಗುಂಡಿ ಒತ್ತಿದರೆ ಮಾತ್ರ ಅದು ತೆರೆಯುತ್ತಿತ್ತು. “ಒಂದು, ಎರಡು, ದಬ್ಬು!” ಎಂದು ಕಿರುಚುತ್ತಿದ್ದರು, “ಮನೆ ಬೀಳಿಸ್ತೀರೇನ್ರೋ?” ಎಂದು ಅಡುಗೆಮನೆಯಿಂದ ಅಮ್ಮ ಬೈಯುತ್ತಿದ್ದಳು. ಎಷ್ಟೇ ಕಿತ್ತಾಡಿರಲಿ, ಯಾರಾದರೊಬ್ಬರು ಬಂದು “ದಬ್ಬೋಣ್ವಾ?” ಅಂದರೆ ರಾಜಿ. ‘ತಪ್ಪಾಯ್ತು’ ಎನ್ನುವುದನ್ನು ಇಬ್ಬರೂ ಕಲಿಯಲೇ ಇಲ್ಲ, ಬೇಕಾಗಲಿಲ್ಲವಲ್ಲ. ಮದುವೆಯಾಗಿ ಊರಿನ ಇನ್ನೊಂದು ತುದಿಗೆ ಹೋದ ಮೇಲೂ ಪುಟ್ಟಿ ಆ ಗೇಮಿನ ಆರನೇ ಭಾಗದವರೆಗೆ ಬಿಡದೆ ಬಂದು ಆಡಿದಳು.

ಆಮೇಲೆ ಅಮ್ಮ ಹಾಸಿಗೆ ಹಿಡಿದಳು. ಬೇರೆ ಡಾಕ್ಟರಿಗೆ ತೋರಿಸೋಣ ಎಂದು ಪುಟ್ಟಿ ಅಂದದ್ದೇ ನೆಪ, ಬಂಧುಗಳೆಲ್ಲ ಕೂತಿರುವಾಗಲೇ ಅವನು, “ನೆಂಟರ ಥರ ಬಂದು ಹೋಗೋಳು ನೀನು. ಬಾಗಿಲು ಅಲ್ಲಿದೆ” ಅಂದುಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. “ಅಣ್ಣ ನನ್ನ ಹೊರಗೆ ದಬ್ಬಿದ” ಎಂದು ಅವಳು ಚಿಕ್ಕಮ್ಮನ ಹತ್ತಿರ ಅತ್ತಳಂತೆ. ಅಮ್ಮ ತೀರಿಕೊಂಡ ದಿನ ಬಂದು, ಎದುರು ಗೋಡೆಗೆ ಒರಗಿ ಕೂತು, ಎದ್ದು ಹೋದಳು. ಅಲ್ಲಿಂದ ಮಾತಿಲ್ಲ, ಕತೆಯಿಲ್ಲ.

ವರ್ಷಗಳ ಮೇಲೆ ಏಳನೇ ಭಾಗ ಬಿಡುಗಡೆಯಾದ ಸುದ್ದಿ ಬಂದಾಗ ಹಬೆಯಣ್ಣ ರೋಲರಿನ ಮುಂದೆ ನಿಂತು ಒಬ್ಬನೇ ನಕ್ಕ. ಶೀಟಿನ ಇನ್ನೊಂದು ತುದಿ ಹಿಡಿದಿದ್ದವನು, “ಏನಣ್ಣ, ಲಾಟರಿ ಹೊಡೀತಾ?” ಎಂದ. ಅಂದು ಸಂಜೆ ಹಬೆಯಣ್ಣ ಫೋನು ಹಿಡಿದು ಬಹಳ ಹೊತ್ತು ಕೂತ. ಆ ಪದಕ್ಕೆ ಈಗ ಎರಡು ಅರ್ಥ ಬಂದಿತ್ತು, ಅದೇ ಭಯ. ಆದರೂ ಪುಟ್ಟಿಗೆ ಕಳಿಸಿದ: “ದಬ್ಬೋಣ್ವಾ?” ಕೆಲವು ದಿನ ಬಿಟ್ಟು, ಅವನು ಕೆಲಸದಲ್ಲಿದ್ದಾಗ ಉತ್ತರ ಬಂತು. “ಭಾನುವಾರ ಬರ್ತೀನಿ.” ಕಣ್ಣು ಒದ್ದೆಯಾಗಿದ್ದಕ್ಕೆ ಹಬೆಯನ್ನು ಬೈದುಕೊಂಡ.

ಜೊತೆಯವರು ಬರುವ ತನಕ ಹೊಸ ಭಾಗವನ್ನು ತೆರೆದು ನೋಡಬಾರದು, ಅದರ ಬಗ್ಗೆ ಏನೂ ಓದಬಾರದು ಎಂಬುದು ಅವರ ಹಳೆಯ ನಿಯಮ. ಆ ನಿಯಮವೇ ಕುತ್ತಿಗೆಗೆ ಬಂತು.

ಪುಟ್ಟಿ ಬಂದಳು. ಹೊಸ ಗೇಮಿನ ಡಬ್ಬಿ ಎತ್ತಿ ಮೇಲಿನ ದಪ್ಪ ಅಕ್ಷರಗಳನ್ನು ಓದಿ, ಅವನ ಕೈಗಿಟ್ಟಳು. ಅವನೂ ಓದಿ ಡಬ್ಬಿ ಬಿಚ್ಚಿದ. ಟಿವಿಯಲ್ಲಿ ಆಟ ಶುರುವಾಯಿತು. ಅವಳ ಕೈಲಿದ್ದ ಕಂಟ್ರೋಲರಿನ ದೀಪ ಮಿಣಮಿಣ ಎಂದು ಆರಿತು. ಮತ್ತೆ ಒತ್ತಿದಳು, ಮತ್ತೆ ಆರಿತು.

“ಇಬ್ಬರು ಆಡೋದು ಎಲ್ಲಿದೆಯಣ್ಣ?”

ಅವನು ಹುಡುಕಿದ. ಟೋಪಿಯ ಬಣ್ಣ ಬದಲಿಸಲು ಜಾಗವಿತ್ತು, ಕುದುರೆಗೆ ಹೆಸರಿಡಲು ಜಾಗವಿತ್ತು, ಇನ್ನೊಬ್ಬ ಮನುಷ್ಯನಿಗೆ ಇರಲಿಲ್ಲ. ಪುಟ್ಟಿ ಫೋನಿನಲ್ಲಿ ನೋಡಿದಳು. “ತೆಗೆದುಹಾಕಿದ್ದಾರಂತೆ. ಈಗ ಜನ ಒಬ್ಬೊಬ್ಬರೇ ಆಡ್ತಾರಂತೆ. ಇರಲಿ, ನೀನಾಡು, ನೋಡ್ತೀನಿ.”

ಆಡಿದ. ಕಲ್ಲಿನ ಮೇಲಿನ ಪಾಚಿಯನ್ನೂ ಬಿಡದೆ ಬಿಡಿಸಿದ್ದರು, ಪುಣ್ಯಾತ್ಮರು. ಕೊನೆಗೆ ಬಾಗಿಲು ಬಂತು. ಪುಟ್ಟಿ ತನಗೆ ತಿಳಿಯದೆಯೇ ಮುಂದೆ ಬಾಗಿ, “ಒಂದು, ಎರಡು” ಅನ್ನುವಷ್ಟರಲ್ಲಿ ಎಲ್ಲಿಂದಲೋ ಒಬ್ಬ ಕಂಪ್ಯೂಟರ್ ಸಿಪಾಯಿ ಓಡಿಬಂದು ಭುಜ ಕೊಟ್ಟ. ಬಾಗಿಲು ತೆರೆದೇಬಿಟ್ಟಿತು. ಇಷ್ಟು ವರ್ಷ ಕಾದದ್ದು ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು.

“ಥೂ, ಇವರ ಮನೆ ಹಾಳಾಗ!” ಅವನು ಆಟ ಮಾಡಿದವರ ಏಳು ತಲೆಮಾರನ್ನೂ ಎಳೆದಾಡಿದ. ಅವಳು ಅವನ ಮುಖವನ್ನೇ ನೋಡುತ್ತ ಕಾದಳು. ಬೈಗುಳ ಮುಗಿದ ಮೇಲೆ ಮೆಲ್ಲಗೆ, “ಅಣ್ಣ, ನಾನು ಬಂದಿದ್ದು ಬಾಗಿಲು ನೋಡೋಕಲ್ಲ” ಎಂದಳು.

ಅವನಿಗೆ ಗೊತ್ತಿತ್ತು. ಹೇಳಬೇಕಾದದ್ದು ಒಂದೇ ಒಂದು ಮಾತು, ಅದೂ ಗಂಟಲವರೆಗೆ ಬಂದಿತ್ತು. ಬಾಯಿಂದ ಹೊರಬಿದ್ದದ್ದು ಬೇರೆ.

“ಆರನೇದೇ ಚೆನ್ನಾಗಿತ್ತು, ಅಲ್ವಾ?”

“ಹೂಂ. ಆಗ ಅಮ್ಮನೂ ಇದ್ಲು.”

ಎದ್ದು ಚಪ್ಪಲಿ ಮೆಟ್ಟಿದಳು. ಹೊಸ್ತಿಲಲ್ಲಿ ನಿಂತು, “ಎಂಟನೇದು ಬಂದ್ರೆ ಹೇಳು” ಎಂದಳು.

“ಹೇಳ್ತೀನಿ” ಎಂದ.

ಡಬ್ಬಿಯ ಮೇಲೆ ‘ಕಲ್ಲುಕೋಟೆ: ಕೊನೆಯ ಭಾಗ’ ಎಂದು ಅಚ್ಚಾಗಿತ್ತು. ಅದನ್ನು ಇಬ್ಬರೂ ಓದಿದ್ದರು.