ಏಳನೇ ಸಾಲಿನ ಟಿಕ್ಕು

ವೆಲ್ಡಿಂಗ್ ಕಲಿಸುವ ಆ ಮೇಷ್ಟ್ರಿಗೆ ಕಲಿಯುವವರೆಲ್ಲ ಸೇರಿ ಇಟ್ಟ ಹೆಸರು 'ಅಮ್ಮ ಮೇಷ್ಟ್ರು'. ಬೇರೆಯವರಾಗಿದ್ದರೆ ಕೆಂಡಾಮಂಡಲವಾಗುತ್ತಿದ್ದರು. ಇವರು ಮೀಸೆಯೊಳಗೇ ನಗುತ್ತಿದ್ದರು. ಇವರು ಕಲಿತದ್ದು ಏಟು ತಿಂದು. ಬೆಸುಗೆಯ ರಾಡು ತಗಡಿಗೆ ಅಂಟಿದರೆ ಸಾಕು, ಗುರು ಸುತ್ತಿಗೆ ಹಿಡಿಯಿಂದ ಬೆರಳ ಗಂಟಿಗೇ ಬಾರಿಸುತ್ತಿದ್ದ. ನನ್ನ ಕೈಯಲ್ಲಿ ಕಲಿಯೋರ ಕಣ್ಣಲ್ಲಿ ನೀರು ಬರಬಾರದು ಅಂತ ಇವರು ಆವತ್ತೇ ಶಪಥ ಮಾಡಿದರು. ನೀರು ಬರಲಿಲ್ಲ, ನಿಜ. ಆದರೆ ಶಪಥಕ್ಕೂ ಒಂದಿಷ್ಟು ಬುದ್ಧಿ ಬೇಡವೇ?

ಆ ಕೆಲಸದಲ್ಲಿ ಮೊದಲ ಕಾಟವೇ ಕರೆಂಟಿನದು. ಕಡಿಮೆಯಾದರೆ ರಾಡು ಕಬ್ಬಿಣಕ್ಕೆ ಕಚ್ಚಿಕೊಂಡು ಜಪ್ಪಯ್ಯ ಅಂದರೂ ಬಿಡದು. ಜಾಸ್ತಿಯಾದರೆ ತಗಡೇ ತೂತು. ಅಂಟಿತು, ತೂತಾಯಿತು ಅಂತ ಮಕ್ಕಳು ಮುಖ ಸಣ್ಣದು ಮಾಡಿಕೊಳ್ಳುವುದನ್ನು ಮೇಷ್ಟ್ರಿಗೆ ನೋಡಲಾಗುತ್ತಿರಲಿಲ್ಲ. ಅದಕ್ಕೇ ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಬಂದು, ಆವತ್ತಿನ ತಗಡಿನ ದಪ್ಪ ನೋಡಿ, ಆರೂ ಮೆಷಿನ್ನುಗಳ ಕರೆಂಟಿನ ನಾಬು ತಾವೇ ತಿರುಗಿಸಿ ಇಡುತ್ತಿದ್ದರು. ಮಕ್ಕಳು ಬಂದು ಮುಖಕ್ಕೆ ಕಪ್ಪು ಗಾಜಿನ ಮುಸುಕು ಹಾಕಿದರೆ ಸಾಕು, ಬೆಸುಗೆ ಸರಾಗ. ಅದನ್ನು ನೋಡಿ ಮೇಷ್ಟ್ರ ಹೊಟ್ಟೆ ತಣ್ಣಗೆ.

ಆ ವರ್ಷ ಮೇಲಿನಿಂದ ಹೊಸ ಹಾಳೆ ಬಂತು. ಕಲಿಕಾ ಫಲಗಳ ಪಟ್ಟಿಯಂತೆ. ಕೋರ್ಸು ಮುಗಿಯುವ ಹೊತ್ತಿಗೆ ಕಲಿತವರು ತಾವೇ ಏನೇನು ಮಾಡಬಲ್ಲರು ಅಂತ ಹನ್ನೊಂದು ಸಾಲು. ತರಬೇತಿ ಕೊಡಲು ಬಂದ ಅಧಿಕಾರಿಣಿ, "ಮನೆ ಕಟ್ಟುವಾಗ ಸಾರವೆ ಕಟ್ತೀವಲ್ಲ, ಹಾಗೆ ಆಸರೆ ಕೊಡಿ. ಗೋಡೆ ಗಟ್ಟಿಯಾದಂಗೆ ಒಂದೊಂದೇ ಗಳ ಬಿಚ್ಚಿ," ಅಂದಳು. ಮೇಷ್ಟ್ರು ಪಕ್ಕದವರ ಕಿವಿಯಲ್ಲಿ, "ಈ ಅಮ್ಮ ರಾಡು ಹಿಡಿದಿದ್ದಾಳಾ ಕೇಳಿ," ಅಂದು ಕಿಸಕ್ಕನೆ ನಕ್ಕರು. ಏಳನೇ ಸಾಲು ಹೀಗಿತ್ತು: ತಗಡಿನ ದಪ್ಪ ನೋಡಿ ಕರೆಂಟನ್ನು ತಾವೇ ಹೊಂದಿಸಿಕೊಳ್ಳಬಲ್ಲರು. ಮೇಷ್ಟ್ರು ಕಲಿಯುತ್ತಿದ್ದ ಒಂಬತ್ತು ಜನರಿಗೂ ಸರಸರ ಟಿಕ್ಕು ಹಾಕಿದರು. ಅದೇನು ಮಹಾ ವಿದ್ಯೆ, ಆಮೇಲೆ ತಾನಾಗೇ ಬರುತ್ತೆ ಅಂತ.

ಆ ಒಂಬತ್ತರಲ್ಲಿ ಒಬ್ಬಳು ಅವರ ತೀರಿಹೋದ ತಮ್ಮನ ಮಗಳು. ಗಂಡ ಸೊಂಟ ಮುರಿದುಕೊಂಡು ಮಲಗಿದ್ದ, ಮನೆಯಲ್ಲಿ ಎರಡು ಪುಟ್ಟ ಮಕ್ಕಳು. ರೈಲಿನ ಡಬ್ಬಿ ಕಟ್ಟುವ ಕಾರ್ಖಾನೆಯವರು, ಈ ವಾರದೊಳಗೆ ಪಾಸಾದ ಕಾಗದ ತಂದರೆ ಕೆಲಸ ನಿನ್ನದೇ ಅಂದಿದ್ದರು.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕ ಮೊದಲು ಮಾಡಿದ ಕೆಲಸವೇ ಎಲ್ಲ ನಾಬುಗಳನ್ನೂ ತೀರಾ ಕಡಿಮೆಗೆ ತಿರುಗಿಸಿದ್ದು. ಮೊದಲ ಸರದಿ ತಮ್ಮನ ಮಗಳದು. ಅವಳು ರಾಡು ತಾಗಿಸಿದಳು, ಅಂಟಿತು. ಕಿತ್ತು ಮತ್ತೆ ತಾಗಿಸಿದಳು, ಮತ್ತೆ ಅಂಟಿತು. ನಾಬಿನ ಕಡೆ ನೋಡಿದಳು, ಮೇಷ್ಟ್ರ ಕಡೆ ನೋಡಿದಳು. ಕೊನೆಗೆ ಧೈರ್ಯ ಮಾಡಿ ಒಂದೇ ಸಲ ತುದಿಯವರೆಗೂ ತಿರುಗಿಸಿದಳು. ತಗಡಿನಲ್ಲಿ ಹೆಬ್ಬೆರಳು ತೂರುವಷ್ಟು ತೂತು ಬಿತ್ತು.

ಪರೀಕ್ಷಕ ಹಾಳೆ ನೋಡಿದ. "ಇದು ಬರುತ್ತೆ ಅಂತ ನೀವೇ ಟಿಕ್ ಹಾಕಿದ್ದೀರಲ್ಲ ಮೇಷ್ಟ್ರೇ?"

"ಬರುತ್ತೆ ಸಾರ್," ಅಂದರು ಮೇಷ್ಟ್ರು, ನಾಲಿಗೆ ತಡವರಿಸದೆ. "ಪಾಪ, ಗಾಬರಿ ಬಿದ್ದಿದ್ದಾಳೆ, ಅಷ್ಟೇ."

ಛೆ! ಅಷ್ಟು ವರ್ಷದ ಒಳ್ಳೆಯ ಹೆಸರು ಆ ಒಂದು ಗಳಿಗೆಯಲ್ಲಿ ಅವರಿಗೆ ತಮ್ಮನ ಮಗಳಿಗಿಂತ ದೊಡ್ಡದಾಯಿತು. ಪರೀಕ್ಷಕ 'ಫೇಲು' ಅಂತ ಬರೆದು ಸಹಿ ಹಾಕಿ, ಮುಂದಿನವರನ್ನು ಕರೆದ.

ಅವಳು ಹೊರಗಿನ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದಳು. ಮೇಷ್ಟ್ರು ಹಿಂದೆಯೇ ಬಂದು ನಿಂತರು.

"ದೊಡ್ಡಪ್ಪ, ತಪ್ಪಾಯ್ತು," ಅಂದಳು. "ಇಷ್ಟು ಚೆನ್ನಾಗಿ ಕಲಿಸಿದ್ರಿ. ನಾನು ಗಾಬರಿಯಾಗಿ ನಿಮ್ಮ ಮಾನ ಕಳೆದುಬಿಟ್ಟೆ."

ಏಟು ಬಿದ್ದಿದ್ದರೂ ತಡೆಯುತ್ತಿದ್ದರೇನೋ. ಈ ಮಾತನ್ನು ತಡೆಯಲಾಗಲಿಲ್ಲ. "ಗಾಬರಿ ಅಲ್ಲ ಕಣಮ್ಮ," ಅಂದರು. "ಅದನ್ನ ನಾನು ನಿನಗೆ ಕಲಿಸಲೇ ಇಲ್ಲ. ದಿನಾ ನಾನೇ ತಿರುಗಿಸಿ ಇಡ್ತಿದ್ದೆ."

ಅವಳು ಒದ್ದೆ ಮುಖದಲ್ಲೇ ಅವರನ್ನು ದಿಟ್ಟಿಸಿದಳು. "ಮತ್ತೆ ಒಳಗೆ ಯಾಕೆ ಹೇಳಲಿಲ್ಲ?"

ಮೇಷ್ಟ್ರು ಸರಕ್ಕನೆ ಒಳಗೆ ಹೋದರು. ಪರೀಕ್ಷೆ ನಿಲ್ಲಿಸಿ, ಎಲ್ಲರೆದುರಿಗೆ, ಇದ್ದದ್ದು ಇದ್ದ ಹಾಗೆ ಹೇಳಿದರು. ಪರೀಕ್ಷಕ ಪೆನ್ನು ಕೆಳಗಿಟ್ಟ. ಇನ್ನೂ ಸಹಿ ಬೀಳದ ಎಂಟು ಜನರ ಏಳನೇ ಸಾಲಿನ ಟಿಕ್ಕು ಅಳಿಸಿಹಾಕಿ, ಅದನ್ನು ಕಲಿಸಿ ನಾಡಿದ್ದು ಕೂರಿಸಿ ಅಂದ. ಒಬ್ಬಳದು ಮಾತ್ರ ಆಗದು ಅಂದ. "ಸಹಿ ಬಿದ್ದುಹೋಯ್ತಲ್ಲ ಮೇಷ್ಟ್ರೇ. ಅದಕ್ಕೆ ಮುಂಚೆ ಒಂದು ಮಾತು ಹೇಳಿದ್ರೆ ಅವಳನ್ನೂ ನಾಡಿದ್ದೇ ಕೂರಿಸಬಹುದಿತ್ತು. ಈಗ ಆರು ತಿಂಗಳು ಕಾಯಬೇಕು." ಮೇಷ್ಟ್ರು ಕೈಮುಗಿದರು, ಗೋಗರೆದರು. ಏನೂ ಗಿಟ್ಟಲಿಲ್ಲ.

ಅವಳು ನಲ್ಲಿಯ ಹತ್ತಿರವೇ ನಿಂತಿದ್ದಳು. "ಏನಂದ್ರು?"

ಏನೋ ಒಂದು ಸಮಾಧಾನದ ಮಾತು ಬಾಯಿಗೆ ಬಂತು. ನುಂಗಿಕೊಂಡು, ಪರೀಕ್ಷಕ ಅಂದದ್ದನ್ನು ಒಂದಕ್ಷರ ಬಿಡದೆ ಹೇಳಿದರು.

"ನಾಡಿದ್ದೇ ಆಗ್ತಿತ್ತಾ?" ಅಂದಳು ಅವಳು.

"ಆಗ್ತಿತ್ತು," ಅಂದರು ಮೇಷ್ಟ್ರು.