ಹಲ್ಲು ಮಾಡುವ ಮೌನಮ್ಮ ಬಾಯಿ ಬಿಟ್ಟದ್ದು

ಮೌನಮ್ಮನ ವಿಷಯ ನಾನು ಮೊದಲು ಕೇಳಿದ್ದು ಹಲ್ಲಿನ ಕ್ಲಿನಿಕ್ಕಿಗೆ ಕೆಲಸಕ್ಕೆ ಸೇರಿದ ದಿನ. ನಮ್ಮ ಯಜಮಾನರು ತೀರಿಕೊಂಡ ಮೇಲೆ ಮನೆಯ ಗೋಡೆಗಳ ಜೊತೆ ಮಾತಾಡಿ ಮಾತಾಡಿ ಗೋಡೆಗಳಿಗೇ ಸಾಕಾಗಿತ್ತು. ತಟ್ಟೆ ತೊಳೆಯುವುದು, ನೆಲ ಒರೆಸುವುದು, ಬಂದವರನ್ನು ಒಳಗೆ ಕಳಿಸುವುದು ನನ್ನ ಕೆಲಸ. ಮುಂದಿನ ಮೇಜಿನಲ್ಲಿ ಚೀಟಿ ಬರೆಯುವವನೊಬ್ಬನಿದ್ದ. ಉಸಿರು ತೆಗೆದುಕೊಳ್ಳುವುದಕ್ಕೂ ಮಾತು ನಿಲ್ಲಿಸದವನು. ಅವನೇ ಹೇಳಿದ:

"ಹಿಂದಿನ ಕೋಣೇಲಿ ಒಬ್ಬಳಿದ್ದಾಳೆ ನೋಡಿ, ಹಲ್ಲಿನ ಸೆಟ್ ಮಾಡೋಳು. ನಾನು ಸೇರಿದ ಹೊಸದ್ರಲ್ಲಿ ಅಲ್ಲಿ ಬರೀ ಮಿಷನ್ ಇದೆ ಅಂದ್ಕೊಂಡಿದ್ದೆ. ಒಂದಿನ ಮಿಷನ್ ಸೀನಿತು."

ಹೋಗಿ ನೋಡಿದೆ. ಕಿಟಕಿಯಿಲ್ಲದ ಕೋಣೆ. ಗೋಡೆಯುದ್ದಕ್ಕೂ ಹಲಗೆ, ಹಲಗೆಯ ತುಂಬ ಸುಣ್ಣದಂಥ ಬಿಳಿ ಪುಡಿಯಲ್ಲಿ ಎರಕ ಹೊಯ್ದ ದವಡೆಗಳು. ಊರಿನ ಅರ್ಧ ಜನ ಹಲ್ಲು ಕಿರಿದುಕೊಂಡು ಕೂತ ಹಾಗಿತ್ತು, ಮೂತಿ ಮಾತ್ರ ಇರಲಿಲ್ಲ. ಅವುಗಳ ನಡುವೆ ಮೂವತ್ತರ ಆಸುಪಾಸಿನ ಒಬ್ಬಳು, ಮೂಗಿನ ತುದಿಗೆ ಬಿಳಿ ಪುಡಿ ಮೆತ್ತಿಕೊಂಡು, ಒಂದು ಕೋರೆಹಲ್ಲನ್ನು ಉಜ್ಜುತ್ತಿದ್ದಳು. ಹೆಸರು ಕೇಳಿದೆ. ತುಟಿ ಅಲ್ಲಾಡಿತು, ಸದ್ದು ಬರಲಿಲ್ಲ. ಅವತ್ತಿನಿಂದ ನನ್ನ ಬಾಯಲ್ಲಿ ಅವಳು ಮೌನಮ್ಮ.

ಅವಳ ಸಂಕೋಚಕ್ಕೆ ಲೆಕ್ಕವಿರಲಿಲ್ಲ. ಚಹಾದಲ್ಲಿ ಸಕ್ಕರೆ ಬದಲು ಉಪ್ಪು ಬಿದ್ದರೂ ಲೋಟ ಖಾಲಿ ಮಾಡಿ ತೊಳೆದಿಡುವವಳು. ಕುರ್ಚಿಗೆ ಕಾಲು ತಾಗಿದರೆ ಕುರ್ಚಿಗೇ ಕ್ಷಮಿಸು ಎನ್ನುವವಳು. ಯಾರಾದರೂ ಸೆಟ್ ಕೇಳಿಕೊಂಡು ಬಂದರೆ ಬಾಗಿಲ ಸಂದಿಯಿಂದ ಒಂದು ಕೈ ಹೊರಗೆ ಬರುತ್ತಿತ್ತು, ಕೈಯಲ್ಲಿ ಹಲ್ಲು. ಒಬ್ಬ ಮುದುಕಪ್ಪ ಅದನ್ನು ನೋಡಿ ಹಿಂದಕ್ಕೆ ಹಾರಿದ್ದ.

ಹೀಗಿರುವಾಗ ಡಾಕ್ಟರು ಊರಿನ ಆಚೆ ತುದಿಯಲ್ಲಿ ಇನ್ನೊಂದು ಕ್ಲಿನಿಕ್ಕು ತೆರೆಯುವುದೆಂದಾಯಿತು. ಅಲ್ಲಿ ಹಲ್ಲಿನ ಸೆಟ್‌ನ ಕೆಲಸವನ್ನೆಲ್ಲ ಒಬ್ಬರೇ ನೋಡಿಕೊಳ್ಳಬೇಕು. ಡಾಕ್ಟರು ಮೌನಮ್ಮನನ್ನು ಕರೆದು ನನ್ನೆದುರಿಗೇ ಹೇಳಿದರು.

"ನಿನ್ನ ಕೈ ಚಿನ್ನ ಕಣಮ್ಮ, ಬಾಯಿ ಮಾತ್ರ ಬೀಗ. ಅಲ್ಲಿ ಬರೋರನ್ನ ಕೂರಿಸಿ ಮಾತಾಡಿಸ್ಬೇಕು, ಧೈರ್ಯ ಹೇಳ್ಬೇಕು. ಆಗುತ್ತೆ ಅಂದ್ರೆ ಜಾಗ ನಿಂದು. ಇಲ್ಲ ಅಂದ್ರೆ ಚೀಟಿಯವನನ್ನ ಯಜಮಾನ ಮಾಡಿ, ನಿನ್ನನ್ನ ಅವನ ಕೈಕೆಳಗೆ ಹಾಕ್ತೀನಿ."

ಚೀಟಿಯವನಿಗೆ ಕೆಳದವಡೆ ಯಾವುದು ಮೇಲ್ದವಡೆ ಯಾವುದು ಗೊತ್ತಿರಲಿಲ್ಲ. ಆದರೂ ಅಂದು ಸಂಜೆಯೇ ಕನ್ನಡಿ ಮುಂದೆ ಕ್ರಾಪು ತಿದ್ದಿಕೊಂಡ.

ಮೌನಮ್ಮ ಹಿಂದಿನ ಕೋಣೆಯಲ್ಲಿ ದವಡೆಗಳಿಗೆ ಬೆನ್ನು ಹಾಕಿ ಅಳುತ್ತಿದ್ದಳು. ಅಷ್ಟರಲ್ಲಾಗಲೇ ನನ್ನೊಬ್ಬಳ ಹತ್ತಿರ ಮಾತ್ರ ನಾಲ್ಕು ಮಾತಾಡುವಷ್ಟಾಗಿದ್ದಳು. "ಆ ಜಾಗ ನಂಗೆ ಬೇಕು ದೊಡ್ಡಮ್ಮ. ಅಲ್ಲಿ ಕಿಟಕಿ ಇದೆಯಂತೆ. ಆದ್ರೆ ಜನರ ಮುಂದೆ ಒಂದು ಮಾತು ಆಡಿದ್ರೆ ಅವರು ತಿರುಗಿ ಏನೋ ಅಂತಾರೆ. ಅದಕ್ಕೆ ಏನು ಹೇಳೋದು ಅನ್ನೋ ಯೋಚನೇಲಿ ನನ್ನ ಮೊದಲ ಮಾತೇ ಹೊರಡಲ್ಲ."

"ತಿರುಗಿ ಏನೂ ಅನ್ನದಿದ್ರೆ?"

"ಅನ್ನದೇ ಇರ್ತಾರಾ?"

"ಅಲ್ವೇ ಪೆದ್ದಿ, ಅಚ್ಚು ತೆಗೆಯುವಾಗ ಅವರ ಬಾಯಿ ತುಂಬ ಹಿಟ್ಟಿರುತ್ತಲ್ಲ. ಆಗ ಮಾತಾಡು. ತಿರುಗಿ ಅನ್ನೋಕೆ ಅವರಿಗೆ ಬಾಯೆಲ್ಲಿದೆ?"

ಅಚ್ಚು ಎಂದರೆ ಹೀಗೆ: ಕುದುರೆ ಲಾಳದಂಥ ತಟ್ಟೆಯಲ್ಲಿ ಗುಲಾಬಿ ಬಣ್ಣದ ಹಿಟ್ಟು ತುಂಬಿ ಬಾಯೊಳಗೆ ಒತ್ತುತ್ತಾರೆ. ಅದು ಗಟ್ಟಿಯಾಗುವವರೆಗೆ ಮಿಸುಕದೆ ಕೂರಬೇಕು. ಮೊದಲ ಅಭ್ಯಾಸ ನನ್ನ ಬಾಯಲ್ಲೇ ನಡೆಯಿತು. ತಟ್ಟೆ ಒತ್ತಿ, ನೆಲ ನೋಡಿಕೊಂಡು ನಿಂತಳು. ಬಹಳ ಹೊತ್ತಾದ ಮೇಲೆ, "ಇವತ್ತು ಬಿಸಿಲು" ಎಂದಳು. ಆಮೇಲೆ ಧೈರ್ಯ ಮಾಡಿ, "ನಿನ್ನೆಯೂ ಬಿಸಿಲಿತ್ತು."

ನಿನ್ನೆ ಮೋಡ ಮುಚ್ಚಿತ್ತು. ಅದನ್ನು ಹೇಳಲಾಗದೆ ನಾನು ಪಟ್ಟ ಪಾಡು ಹೆರಿಗೆಯಲ್ಲೂ ಪಟ್ಟಿರಲಿಲ್ಲ.

ಡಾಕ್ಟರಿಗೆ ಹಲ್ಲು ಕೀಳುವುದರಲ್ಲೇ ಹೊತ್ತು ಹೋಗುತ್ತಿತ್ತು, ಅಚ್ಚಿನ ಕೆಲಸವನ್ನು ಸಂತೋಷವಾಗಿ ಅವಳಿಗೆ ಬಿಟ್ಟರು. ಬಿಸಿಲಿನಿಂದ ಹೊರಟವಳು ಬರಬರುತ್ತಾ ಹಲ್ಲಿಗೆ ಬಂದಳು. ಸೆಟ್ ರಾತ್ರಿ ನೀರಲ್ಲಿಡಬೇಕು, ಹೊಸದರಲ್ಲಿ ಬಾಯಿ ಬೇರೆಯವರ ಮನೆಯಂತೆ ಅನ್ನಿಸುತ್ತದೆ, ಹೆದರಬೇಡಿ ಎಂದೆಲ್ಲ ಹೇಳಹತ್ತಿದಳು. ಅಲ್ಲಿಂದ ಕಥೆಗಳಿಗೆ ಇಳಿದಳು. ತಟ್ಟೆ ಹೊರಗೆ ಬಂದ ಕ್ಷಣ ನಲ್ಲಿ ತಿರುಗಿಸಿದ ಹಾಗೆ ಮಾತು ನಿಂತುಹೋಗುತ್ತಿತ್ತು. ಜನ ಬಾಯಿ ಒರೆಸಿಕೊಂಡು ಹೊರಗೆ ಬಂದು, "ಎಷ್ಟು ಚೆನ್ನಾಗಿ ಮಾತಾಡ್ತಾಳೆ ಆ ಹುಡುಗಿ, ಹೊತ್ತು ಹೋದದ್ದೇ ಗೊತ್ತಾಗ್ಲಿಲ್ಲ" ಎಂದು ಹೊಗಳುತ್ತಿದ್ದರು. ಅವರಲ್ಲಿ ಒಬ್ಬರೂ ಅವಳೊಂದಿಗೆ ಒಂದು ಮಾತೂ ಆಡಿರಲಿಲ್ಲ.

ಆಮೇಲೆ ಡಾಕ್ಟರ ಅತ್ತೆ ಬಂದರು, ನಮಗೆಲ್ಲ ಅಮ್ಮನವರು. ಹೊಸ ಕ್ಲಿನಿಕ್ಕಿನ ಕಟ್ಟಡ ಅವರದು, ಹಾಗಾಗಿ ಅವರ ಮಾತೇ ಮಾತು. ಮಾತೂ ಅಂಥಿಂಥದ್ದಲ್ಲ, ಅವರು ಬೀದಿಯ ತಿರುವಿನಲ್ಲಿರುವಾಗಲೇ ಇಲ್ಲಿ ಕಪಾಟಿನ ಗಾಜು ನಡುಗುತ್ತಿತ್ತು. ಮೇಲಿನ ಸೆಟ್ ಹೊಸದು ಮಾಡಿಸಬೇಕಿತ್ತು. "ಇವರ ಮನಸ್ಸಿಗೆ ಬಂದ್ರೆ ಜಾಗ ನಿಂದೇ" ಎಂದು ಡಾಕ್ಟರು ಮೌನಮ್ಮನ ಕಿವಿಯಲ್ಲಿ ಹೇಳಿದರು. ಅವಳ ಮುಖ ಹಲಗೆ ಮೇಲಿನ ದವಡೆಯಷ್ಟೇ ಬೆಳ್ಳಗಾಯಿತು.

ತಟ್ಟೆ ಒಳಗೆ ಹೋಯಿತು. ಅಮ್ಮನವರ ಮಾತು ನಿಂತಿತು. ಮೌನಮ್ಮನದು ಶುರುವಾಯಿತು.

"ಒಬ್ರು ಗಂಡ ಹೆಂಡ್ತಿ ಇದ್ರು ಅಮ್ಮ. ಇಬ್ಬರ ಸೆಟ್ಟೂ ಒಂದೇ ಲೋಟದಲ್ಲಿ ಇಡ್ತಿದ್ರು. ಒಂದಿನ ಅದಲುಬದಲಾಯ್ತು, ಇಬ್ಬರಿಗೂ ಗೊತ್ತಾಗ್ಲಿಲ್ಲ. ವಾರಗಟ್ಟಲೆ ಹೆಂಡ್ತಿ ಹಲ್ಲಲ್ಲಿ ಗಂಡ ಬೈತಿದ್ದ, ಗಂಡನ ಹಲ್ಲಲ್ಲಿ ಹೆಂಡ್ತಿ ಬೈತಿದ್ಲು. ಕೊನೆಗೆ ಇಬ್ರೂ ಬಂದು ನನ್ನನ್ನ ಬೈದ್ರು..."

ಕಥೆಗೆ ಬಾಲ, ಬಾಲಕ್ಕೆ ಮರಿ. ನಾನು ಬಾಗಿಲಲ್ಲಿ ಕೆಮ್ಮಿದೆ, ಕೇಳಿಸಲಿಲ್ಲ. ಹಿಟ್ಟು ಯಾವಾಗಲೋ ಗಟ್ಟಿಯಾಗಿ ಅಂಗುಳಿಗೆ ಗಾಳಿಯಾಡದ ಹಾಗೆ ಕಚ್ಚಿಕೊಂಡಿತ್ತು. ಅಮ್ಮನವರು ಕೈ ಆಡಿಸಿದಾಗಲೇ ಅವಳಿಗೆ ಎಚ್ಚರ. ಎಳೆದಳು, ಬರಲಿಲ್ಲ. ಡಾಕ್ಟರು ಓಡಿ ಬಂದು ಎಳೆದರು. ತಟ್ಟೆಯ ಜೊತೆ ಅತ್ತೆಯ ತಲೆ ಬಂತು, ತಲೆಯ ಜೊತೆ ಅತ್ತೆಯೂ ಕುರ್ಚಿಯಿಂದ ಏಳತೊಡಗಿದರು. ಬಾಯಿಂದ ತಟ್ಟೆಯ ಹಿಡಿ ಚಾಚಿಕೊಂಡು, ಕಣ್ಣು ಕೆಂಡವಾಗಿ, ಥೇಟ್ ಹಬೆಯಾಡುವ ಕೆಟಲ್ಲು.

ಚೀಟಿಯವನಿಗೆ ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗುವುದುಂಟೇ. "ಹಿಂಗಾಗುತ್ತೆ ಅಂತ ನಂಗೆ ಮೊದಲೇ ಗೊತ್ತಿತ್ತು ಸರ್. ಬಿಸಿನೀರು ಹಾಕೋಣ್ವಾ? ಎಣ್ಣೆ ತರ್ಲಾ? ನಮ್ಮ ಮಾವಂದು ಉಂಗುರ ಸಿಕ್ಕಿಹಾಕ್ಕೊಂಡಾಗ ಸೋಪು..."

"ನೀವು ಬಾಯಿ ಮುಚ್ಚಿ."

ಎಲ್ಲರೂ ತಿರುಗಿ ನೋಡಿದೆವು. ಮಾತು ಮೌನಮ್ಮನದು.

"ಸರ್, ನೀವೂ ಕೈ ಬಿಡಿ. ಎಳೆದಷ್ಟೂ ಬಿಗಿಯಾಗುತ್ತೆ. ಪಕ್ಕದಿಂದ ಗಾಳಿ ಹೋಗ್ಬೇಕು ಅಷ್ಟೇ."

ಡಾಕ್ಟರು ಕೈ ಬಿಟ್ಟರು. ಅವರ ಬಾಯಲ್ಲಿ ಹಿಟ್ಟಿರಲಿಲ್ಲ, ಬೇಕಾದರೆ ಬೈಯಬಹುದಿತ್ತು. ಬೈಯುವುದನ್ನೇ ಮರೆತರು. ಕೆನ್ನೆ ಉಬ್ಬಿಸಿ ಊದಿ ಎಂದು ಅವಳು ಅಮ್ಮನವರಿಗೆ ಹೇಳಿದಳು. ಸಿಟ್ಟಿನಲ್ಲಿದ್ದವರು ಊದಿಯಾರೇ? ಮೌನಮ್ಮ ಒಮ್ಮೆ ಡಾಕ್ಟರ ಮುಖ ನೋಡಿದಳು, ಅಮ್ಮನವರ ಕಡೆ ಬಾಗಿದಳು.

"ಅಮ್ಮ, ನಿಮ್ಮ ಅಳಿಯಂದಿರಿಗೆ ಒಂದು ದವಡೆಹಲ್ಲು ಹುಳುಕಾಗಿದೆ. ಕೀಳಿಸ್ಕೊಳ್ಳೋಕೆ ಹೆದರಿಕೆ. ಬೆಳಗ್ಗೆ ಬಂದ್ಕೂಡ್ಲೆ ನನ್ನ ಕೋಣೇಲಿ ಬಾಗಿಲು ಹಾಕ್ಕೊಂಡು ಲವಂಗ ಅದುಮ್ಕೊಳ್ತಾರೆ. ಸೂಜಿ ನೋಡಿದ್ರೆ ಕಣ್ಣು ಮುಚ್ಕೊಳ್ತಾರೆ, ಚುಚ್ಚೋದು ಬೇರೆಯವರಿಗೆ ಆದ್ರೂ."

ಅಮ್ಮನವರ ಹೊಟ್ಟೆ ಮೊದಲು ಕುಲುಕಿತು. ಆಮೇಲೆ ಭುಜ. ಆಮೇಲೆ ಮೂಗಿನಿಂದ ಒಂದು ಸದ್ದು ಬಂದು, ಕೆನ್ನೆ ಬುಸ್ಸೆಂದು ಉಬ್ಬಿ, ತಟ್ಟೆ ಟಪ್ಪೆಂದು ಮಡಿಲಿಗೆ ಬಿತ್ತು. ಆಮೇಲೂ ಅವರ ನಗು ನಿಲ್ಲಲಿಲ್ಲ. ಡಾಕ್ಟರು ಕೆನ್ನೆ ಮುಟ್ಟಿಕೊಂಡು ಚಾವಣಿ ನೋಡುತ್ತಿದ್ದರು.

"ಅಳಿಯಂದ್ರೆ, ಆ ಜಾಗ ಈ ಕೂಸಿಗೆ ಕೊಡಿ," ಎಂದರು ಅಮ್ಮನವರು ಕಣ್ಣೊರೆಸಿಕೊಂಡು. "ನನ್ನ ಬಾಯಿ ಮುಚ್ಚಿಸಿದೋಳು, ಅಷ್ಟೇ ಸಾಲ್ದು ಅಂತ ನಿಮ್ಮದೂ ಮುಚ್ಚಿಸಿದ್ಲು. ನಾಳೆ ನನ್ನ ಮುಂದೆ ಕೂತು ನೀವೂ ಆ ಹಲ್ಲು ಕೀಳಿಸ್ಕೊಳ್ಳಿ."

ಹಾಗೆ ಮೌನಮ್ಮನಿಗೆ ಕಿಟಕಿ ಸಿಕ್ಕಿತು. ಮಾತಿನಮಲ್ಲಿಯೇನೂ ಆಗಲಿಲ್ಲ. ಇಂದಿಗೂ ನಾಲ್ಕು ಜನರ ಜೊತೆ ಮಾತಾಡಿದರೆ ಒಳಗೆ ಹೋಗಿ ಸ್ವಲ್ಪ ಹೊತ್ತು ದವಡೆಗಳ ಜೊತೆ ಸುಮ್ಮನೆ ಕೂತು ಬರುತ್ತಾಳಂತೆ.

ಹೊಸ ಕ್ಲಿನಿಕ್ಕು ತೆರೆದ ದಿನ ಸಹಾಯಕ್ಕಿರಲಿ ಎಂದು ನಾನೂ ಹೋಗಿದ್ದೆ. ಆಮೇಲೆ ಮೊಣಕಾಲು ಅಷ್ಟು ದೂರ ಬಿಡಲಿಲ್ಲ. ಅವತ್ತು ಬೆಂಚಿನ ತುಂಬ ಜನ. ಪಾಪ ಹುಡುಗಿಗೆ ಕಷ್ಟವಾಗಬಾರದೆಂದು ನಾನೇ ಮುಂದೆ ನಿಂತು ಸೆಟ್ ಹೇಗೆ ಮಾಡುತ್ತಾರೆ, ಎಷ್ಟು ದಿನ ಹಿಡಿಯುತ್ತದೆ, ನಮ್ಮ ಯಜಮಾನರ ಹಲ್ಲು ಹೇಗಿತ್ತು, ಎಲ್ಲ ವಿವರಿಸುತ್ತಿದ್ದೆ. ಅವಳು ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು ನನ್ನ ಭುಜದ ಮೇಲೆ ಕೈಯಿಟ್ಟಳು.

"ದೊಡ್ಡಮ್ಮ, ನೀವು ಸ್ವಲ್ಪ ಸುಮ್ನಿರ್ತೀರಾ? ಇವರಿಗೆ ನಾನೇ ಹೇಳ್ತೀನಿ."